ಇಯರ್‌ಫೋನ್: ನೋಯುವುದು ಒಂದು, ಕೆಡುವುದು ಇನ್ನೊಂದು

ಧಾರವಾಡದ ಸಪ್ತಾಪುರದ ಕಡೆ ಯಾವ ರೀಡಿಂಗ್ ರೂಮಿಗೆ ಹೋದರೂ ಪಿಸುಮಾತಿಲ್ಲ. ಆದರೆ ಕೂತವರಲ್ಲಿ ಬಹುತೇಕರ ಕಿವಿಯೊಳಗೆ ಪಾಠ ನಡೆದೇ ಇರುತ್ತದೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಊರು ಬಿಟ್ಟು ಬಂದವರಿಗೆ ದಿನಕ್ಕೆ ಏಳೆಂಟು ತಾಸು ವಿಡಿಯೊ ಕ್ಲಾಸ್ ಕೇಳುವುದು ಈಗ ದೊಡ್ಡ ಮಾತಲ್ಲ. ಅದರ ಬೆನ್ನಿಗೇ ದೂರುಗಳೂ ಬರುತ್ತವೆ: "ಕಿವಿ ಗುಂಯ್ ಅಂತದ", "ಒಳಗ ಕೆರೀತದ", "ಒಂದ ಕಿವಿ ಮುಚ್ಚಿದಂಗ ಆಗೇದ". ಮೂರಕ್ಕೂ ಎಲ್ಲರೂ ಕೊಡುವ ಉತ್ತರ ಒಂದೇ, ಇಯರ್‌ಫೋನಿನಿಂದ ಕಿವಿ ಕೆಟ್ಟಿದೆ ಎಂದು.

ನಿಜದಲ್ಲಿ ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳಿವೆ. ಮೊದಲನೆಯದು ಕಿವಿಯ ಹೊರಗಿನ ಕೊಳವೆಯದ್ದು. ಅಲ್ಲಿ ಚರ್ಮ ಒತ್ತುತ್ತದೆ, ಕೆರೆಯುತ್ತದೆ, ಸೋಂಕಾಗುತ್ತದೆ, ಗುಗ್ಗೆ ಕಟ್ಟುತ್ತದೆ. ಇದು ನೋಯುತ್ತದೆ, ಔಷಧಿಗೆ ವಾಸಿಯೂ ಆಗುತ್ತದೆ. ಎರಡನೆಯದು ಒಳಗಿವಿಯದ್ದು. ಜೋರು ಸದ್ದಿನಿಂದ ಅಲ್ಲಿ ಆಗುವ ಹಾನಿ ಸಾಮಾನ್ಯವಾಗಿ ನೋಯುವುದೇ ಇಲ್ಲ, ಆಗಿಹೋದ ಮೇಲೆ ತಿರುಗಿ ಬರುವುದೂ ಇಲ್ಲ. ಜನ ಮಾಡುವುದು ಮಾತ್ರ ಉಲ್ಟಾ. ವಾಸಿಯಾಗುವುದಕ್ಕೆ ಗಾಬರಿಯಾಗುತ್ತಾರೆ, ವಾಸಿಯಾಗದ್ದಕ್ಕೆ ನೋವಿಲ್ಲವೆಂದು ಸುಮ್ಮನಿರುತ್ತಾರೆ.

ಸದ್ದು ಒಳಗೆ ಹೋಗುವ ದಾರಿ

ಕಿವಿಯ ತೂತಿನಿಂದ ಒಳಕ್ಕೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ ಕೊಳವೆ ಇದೆ. ಅದರ ಕೊನೆಯಲ್ಲಿ ಕಿವಿ ತಮಟೆ, ಹೆಸರಿಗೆ ತಕ್ಕಂತೆ ಬಿಗಿದು ಕಟ್ಟಿದ ತೆಳು ಚರ್ಮ. ಸದ್ದು ಬಂದು ತಟ್ಟಿದಾಗ ಅದು ಅದುರುತ್ತದೆ. ಆ ಅದುರನ್ನು ಒಂದಕ್ಕೊಂದು ಕೂಡಿದ ಮೂರು ಪುಟ್ಟ ಎಲುಬುಗಳು ಒಳಕ್ಕೆ ದಾಟಿಸುತ್ತವೆ. ಆಚೆಗೆ ಇರುವುದು ಕಾಕ್ಲಿಯಾ. ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿಕೊಂಡ, ಒಳಗೆ ದ್ರವ ತುಂಬಿದ ಕೊಳವೆ ಅದು.

ಕಾಕ್ಲಿಯಾದೊಳಗೆ ಸಾಲಾಗಿ ನಿಂತಿರುವ ಸುಮಾರು 15,000 ರೋಮಕೋಶಗಳೇ ಕೇಳುವ ಕೆಲಸದ ಅಸಲಿ ಕೂಲಿಗಳು. ದ್ರವದಲ್ಲಿ ಅಲೆ ಎದ್ದಾಗ ಅವುಗಳ ತುದಿ ಬಾಗುತ್ತದೆ, ಬಾಗಿದಾಗ ನರಕ್ಕೆ ಸಂದೇಶ ಹೋಗುತ್ತದೆ. ಹಿಂಗಾರಿಯ ಬಿಳಿಜೋಳದ ಹೊಲವನ್ನು ನೆನೆಯಿರಿ. ಸಣ್ಣ ಗಾಳಿಗೆ ದಂಟು ತೂಗಿ ಮತ್ತೆ ನೆಟ್ಟಗಾಗುತ್ತದೆ. ಜೋರು ಗಾಳಿಗೆ ಒರಗಿದ್ದು ಎರಡು ದಿನ ಬಿಟ್ಟು ಏಳಬಹುದು. ಬುಡಕ್ಕೇ ಮುರಿದದ್ದು ಏಳುವುದಿಲ್ಲ. ಹೊಲದಲ್ಲಾದರೆ ಮುಂದಿನ ವರ್ಷ ಬಿತ್ತಬಹುದು. ಮನುಷ್ಯನ ಕಿವಿಯಲ್ಲಿ ಈ ಕೋಶಗಳು ಮತ್ತೆ ಹುಟ್ಟುವುದಿಲ್ಲ. (ಕೋಳಿ, ಗುಬ್ಬಿಯಂಥ ಹಕ್ಕಿಗಳಿಗೆ ಹುಟ್ಟುತ್ತವೆ, ಅದು ಅವುಗಳ ಪುಣ್ಯ.)

ಜಾತ್ರೆಯ ಸ್ಪೀಕರ್ ಮುಂದೆ ನಿಂತು ಬಂದ ರಾತ್ರಿ ಕಿವಿ ಮಂದವಾಗಿ, ಗುಂಯ್‌ಗುಟ್ಟಿ, ಒಂದೆರಡು ದಿನದಲ್ಲಿ ಸರಿಹೋಗುವುದು ಈ "ಒರಗಿದ" ಹಂತ. ಸರಿಹೋಯಿತಲ್ಲ ಎಂದು ನಿಶ್ಚಿಂತೆಯಿಂದ ಇರುವ ಹಾಗಿಲ್ಲ. ಶರೋನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್‌ಮನ್ 2009ರಲ್ಲಿ ಪ್ರಕಟಿಸಿದ ಇಲಿಗಳ ಮೇಲಿನ ಸಂಶೋಧನೆಯಲ್ಲಿ, ಜೋರು ಸದ್ದಿನ ನಂತರ ಕೇಳುವ ಮಟ್ಟ ಮೊದಲಿನಂತಾದರೂ ರೋಮಕೋಶ ಮತ್ತು ನರ ಕೂಡುವ ಜಾಗದ ಬೆಸುಗೆಗಳು ಕಾಯಂ ಆಗಿ ಕಳೆದುಹೋಗಿದ್ದವು. ಅಂದರೆ ಹೊರಗಿನಿಂದ ಪರೀಕ್ಷೆ ಸರಿ ಬಂದರೂ ಒಳಗೆ ಸವೆತ ನಡೆದಿರಬಹುದು.

ಮೊದಲು ಪೆಟ್ಟು ತಿನ್ನುವುದು ಚುರುಕು (ಹೈ ಪಿಚ್) ದನಿಗಳನ್ನು ಹಿಡಿಯುವ ಕೋಶಗಳು, ಅದರಲ್ಲೂ ಸೆಕೆಂಡಿಗೆ 4,000 ಕಂಪನದ ಆಸುಪಾಸಿನವು. ಕನ್ನಡದಲ್ಲಿ ಇದರ ಪರಿಣಾಮ ಗುರುತಿಸುವುದು ಸುಲಭ. ಅ, ಆ, ಓ ಎಂಬ ಸ್ವರಗಳು ತಗ್ಗು ದನಿಯವು, ಅವು ಕೇಳುತ್ತಲೇ ಇರುತ್ತವೆ. ಸ, ಶ, ತ, ಕಗಳಂಥವು ಮಸುಕಾಗುತ್ತವೆ. "ಸರಿ" ಅಂದದ್ದೋ "ಕರಿ" ಅಂದದ್ದೋ ಗೊತ್ತಾಗದು. ಅದಕ್ಕೇ ಇಂಥವರು ಹೇಳುವ ಮಾತು "ಕೇಳಸೂದಿಲ್ಲ" ಎಂದಲ್ಲ, "ಕೇಳಸ್ತದ, ಆದ್ರ ತಿಳೀವಲ್ದು" ಎಂದು. ಮದುವೆ ಮನೆಯ ಗದ್ದಲದಲ್ಲಿ, ಸಣ್ಣ ಮಕ್ಕಳ ಮಾತಿನಲ್ಲಿ ಇದು ಮೊದಲು ಎದ್ದು ಕಾಣುತ್ತದೆ.

ಡೆಸಿಬಲ್ ಎಂಬ ವಿಚಿತ್ರ ಮಾಪು

ಸದ್ದನ್ನು ಅಳೆಯುವುದು ಡೆಸಿಬಲ್‌ನಲ್ಲಿ. ಪಿಸುಮಾತು 30ರ ಆಸುಪಾಸು, ಎದುರುಬದುರು ಕೂತು ಆಡುವ ಮಾತು 60, ಪಕ್ಕದಲ್ಲೇ ತಿರುಗುವ ಮಿಕ್ಸರ್ 85ರ ಹತ್ತಿರ. ಈ ಮಾಪು ಕಿಲೋ, ಲೀಟರಿನಂತೆ ಏರುವುದಿಲ್ಲ. 3 ಡೆಸಿಬಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಎರಡು ಪಟ್ಟು. 10 ಏರಿದರೆ ಹತ್ತು ಪಟ್ಟು. ನಮಗೆ ಮಾತ್ರ 3 ಡೆಸಿಬಲ್‌ನ ವ್ಯತ್ಯಾಸ "ಒಂಚೂರು ಜೋರಾಯ್ತು" ಅನ್ನುವಷ್ಟೇ ತಿಳಿಯುತ್ತದೆ. ಮೋಸ ಇರುವುದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಸೇರಿ ಹೊರತಂದ ಮಾನದಂಡದಲ್ಲಿ ವಯಸ್ಕರ ಮಿತಿ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ತಾಸು. ಮಕ್ಕಳಿಗೆ 75 ಡೆಸಿಬಲ್‌ನಲ್ಲಿ 40 ತಾಸು. ಪ್ರತಿ 3 ಡೆಸಿಬಲ್ ಏರಿಕೆಗೆ ಸಮಯ ಅರ್ಧವಾಗುತ್ತದೆ: 83ಕ್ಕೆ 20 ತಾಸು, 86ಕ್ಕೆ 10, 89ಕ್ಕೆ 5, 92ಕ್ಕೆ ಎರಡೂವರೆ, 95ಕ್ಕೆ ಒಂದೂಕಾಲು. 101ಕ್ಕೆ ಹೋದರೆ ಇಡೀ ವಾರದ ಪಾಲು ಸುಮಾರು 19 ನಿಮಿಷದಲ್ಲಿ ಮುಗಿಯುತ್ತದೆ. ಗಣೇಶ ವಿಸರ್ಜನೆಯ ಡಿಜೆ ಸ್ಪೀಕರ್ ಪಕ್ಕ 100 ದಾಟುವುದು ಸಹಜ. ಕಿವಿ ಯಾವ ಸದ್ದು ಎಲ್ಲಿಂದ ಬಂತೆಂದು ನೋಡುವುದಿಲ್ಲ. ಪಾಠ, ಹಾಡು, ಡಿಜೆ, ಮಗ್ಗ ಎಲ್ಲವೂ ಒಂದೇ ಖಾತೆಗೆ ಜಮೆ.

ಒಂದು ವಾರದ ಲೆಕ್ಕ

ಹುಬ್ಬಳ್ಳಿಯಲ್ಲಿ ಮನೆ, ಧಾರವಾಡದಲ್ಲಿ ಓದು ಇರುವ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ರೀಡಿಂಗ್ ರೂಮಿನಲ್ಲಿ ದಿನಕ್ಕೆ 8 ತಾಸು, ವಾರಕ್ಕೆ 6 ದಿನ, ಒಟ್ಟು 48 ತಾಸು ಪಾಠ ಕೇಳುತ್ತಾಳೆ. ಸುತ್ತ ಶಾಂತವಾಗಿರುವುದರಿಂದ 77 ಡೆಸಿಬಲ್ ಸಾಕು. ಆ ಮಟ್ಟಕ್ಕೆ ವಾರದ ಮಿತಿ 80 ತಾಸು. ಅವಳು ಬಳಸಿದ್ದು ಅದರ 60 ಶೇಕಡ.

ಇನ್ನು ಪ್ರಯಾಣ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಹೋಗಲು 40, ಬರಲು 40 ನಿಮಿಷ ಹಿಡಿಯಿರಿ. ಆರು ದಿನಕ್ಕೆ 8 ತಾಸು. ಎಂಜಿನ್ ಮತ್ತು ಎಸಿಯ ಗುಂಯ್‌ಗಾಟ, ಮಂದಿಯ ಮಾತು, ನಿಲ್ದಾಣದ ಘೋಷಣೆ ಇವನ್ನೆಲ್ಲ ಮೀರಿ ಕೇಳಬೇಕೆಂದು ದನಿ 89ಕ್ಕೆ ಏರಿಸಿದರೆ, ಆ ಮಟ್ಟಕ್ಕೆ ವಾರದ ಮಿತಿ 5 ತಾಸು. 8 ತಾಸು ಕೇಳಿದ್ದು 160 ಶೇಕಡ.

ದಿನವಿಡೀ ಕೂತು ಕೇಳಿದ 48 ತಾಸು 60, ಬಸ್ಸಿನ 8 ತಾಸು 160! ಕಿವಿ ಕೆಡಿಸುವುದು ಓದಲ್ಲ, ಓದಿ ಮನೆಗೆ ಹೋಗುವಾಗ ಕೇಳುವ ಹಾಡು. "ಎಷ್ಟೊತ್ತು ಹಾಕ್ಕೊಂತಿ" ಎಂದು ತಾಯಿ ಬೈಯುವುದಕ್ಕಿಂತ "ಎಲ್ಲಿ ಹಾಕ್ಕೊಂತಿ" ಎಂದು ಕೇಳುವುದು ಲೇಸು.

ಇದೇ ಲೆಕ್ಕ ಗದಗ-ಬೆಟಗೇರಿಯ ವಿದ್ಯುತ್ ಮಗ್ಗದ ಶೆಡ್ಡುಗಳಿಗೆ ಇನ್ನೂ ಕಠಿಣ. ಅಲ್ಲಿನ ಸದ್ದೇ 90 ದಾಟಬಹುದು. ಬೇಸರ ಕಳೆಯಲು ಅದರ ಮೇಲೆ ಹಾಡು ಹಾಕಿಕೊಂಡರೆ, ಹಾಡು ಕೇಳಬೇಕಾದರೆ ಮಗ್ಗವನ್ನು ಮೀರಬೇಕು. ಇಯರ್‌ಫೋನ್ ಕಿವಿಯ ರಕ್ಷಣೆಯಲ್ಲ. ಅಲ್ಲಿ ಬೇಕಾದದ್ದು ಸದ್ದು ತಡೆಯುವ ಫೋಮ್ ಬಿರಡೆ ಅಥವಾ ಇಯರ್ ಮಫ್.

80ಕ್ಕೆ 40 ತಾಸು ಎಂಬುದು ಗೋಡೆಯಲ್ಲ, ಆಚೆ ಕಾಲಿಟ್ಟ ಕ್ಷಣ ಕಿವುಡಾಗುವುದಿಲ್ಲ. ಈಚೆ ಇದ್ದವರೆಲ್ಲ ಪೂರ್ತಿ ಕ್ಷೇಮ ಎಂದೂ ಅಲ್ಲ. ಕೆಲವರ ಕಿವಿ ಹುಟ್ಟಿನಿಂದಲೇ ನಾಜೂಕು. ವಾರ, ತಿಂಗಳು, ವರ್ಷಗಟ್ಟಲೆ ಮಿತಿ ಮೀರುತ್ತ ಹೋದಾಗ ಹಾನಿ ಕೂಡುತ್ತ ಹೋಗುತ್ತದೆ.

ಫೋನಿನಲ್ಲಿ ಮಾಡಬೇಕಾದ್ದು

ಫೋನಿನ ವಾಲ್ಯೂಮ್ ಪಟ್ಟಿ ಡೆಸಿಬಲ್ ತೋರಿಸುವುದಿಲ್ಲ. ಒಂದೇ ಫೋನಿನಲ್ಲಿ 60 ಶೇಕಡ ಎಂಬುದು ಒಂದು ನೆಕ್‌ಬ್ಯಾಂಡ್‌ನಲ್ಲಿ ಮೆಲ್ಲಗೆ, ಇನ್ನೊಂದರಲ್ಲಿ ಜೋರು. ಆದರೂ 60 ಶೇಕಡ ದಾಟಬಾರದು, ತಾಸಿಗೊಮ್ಮೆ ಕಿವಿಗೆ ಬಿಡುವು ಕೊಡಬೇಕು ಎಂಬ ರೂಢಿಯ ಅಳತೆ ಆರಂಭಕ್ಕೆ ಸಾಕು. ಇನ್ನೊಂದು ಸರಳ ಪರೀಕ್ಷೆ: ತೋಳಳತೆಯ ದೂರದಲ್ಲಿ ನಿಂತವರು ಸಹಜ ದನಿಯಲ್ಲಿ ಆಡಿದ್ದು ತಿಳಿಯದಿದ್ದರೆ ದನಿ ಹೆಚ್ಚಾಗಿದೆ ಎಂದೇ ಹಿಡಿಯಿರಿ. ಶಬ್ದ ತಡೆಯುವ ಇಯರ್‌ಫೋನಿಗೆ ಈ ಪರೀಕ್ಷೆ ನಡೆಯುವುದಿಲ್ಲ.

ಐಫೋನಿನಲ್ಲಿ ಸೆಟ್ಟಿಂಗ್ಸ್, ಸೌಂಡ್ಸ್ ಆಂಡ್ ಹ್ಯಾಪ್ಟಿಕ್ಸ್, ಹೆಡ್‌ಫೋನ್ ಸೇಫ್ಟಿ ಎಂದು ಒಳಗೆ ಹೋದರೆ "ರೆಡ್ಯೂಸ್ ಲೌಡ್ ಆಡಿಯೊ" ಸಿಗುತ್ತದೆ. ಅದನ್ನು ಆನ್ ಮಾಡಿ 80ಕ್ಕೋ 75ಕ್ಕೋ ಇಟ್ಟರೆ ಅದಕ್ಕಿಂತ ಜೋರಾದ ಸದ್ದನ್ನು ಫೋನೇ ತಗ್ಗಿಸುತ್ತದೆ. ಸ್ಯಾಮ್‌ಸಂಗ್ ಫೋನುಗಳಲ್ಲಿ ಸೌಂಡ್ಸ್ ಆಂಡ್ ವೈಬ್ರೇಷನ್, ವಾಲ್ಯೂಮ್, ಮೇಲಿನ ಮೂರು ಚುಕ್ಕಿ, ಮೀಡಿಯಾ ವಾಲ್ಯೂಮ್ ಲಿಮಿಟ್. ಇದಕ್ಕೆ ಪಿನ್ ಕೂಡ ಹಾಕಬಹುದು, ಮಕ್ಕಳ ಕೈಗೆ ಫೋನ್ ಕೊಡುವ ಮನೆಗಳಿಗೆ ಇದು ಉಪಯೋಗ. ಬೇರೆ ಆಂಡ್ರಾಯ್ಡ್‌ಗಳಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಒಂದು ಉಪಾಯ ಇದೆ: ಶಾಂತವಾದ ಕೋಣೆಯಲ್ಲಿ, ಮಾತು ತಿಳಿಯುವಷ್ಟಕ್ಕೆ ದನಿ ಇಟ್ಟು, ಹೊರಗೆ ಹೋದ ಮೇಲೆ ಅದನ್ನು ಮುಟ್ಟಬೇಡಿ. ಅಲ್ಲಿ ಕೇಳಿಸದಿದ್ದರೆ ಅದು ಕೇಳುವ ಜಾಗವಲ್ಲ.

ಬಸ್ಸು, ರೈಲಿನಲ್ಲಿ ಕೇಳಲೇಬೇಕೆಂದರೆ ಶಬ್ದ ತಡೆಯುವ, ಎಎನ್‌ಸಿ ಎಂದು ಕರೆಯುವ ಇಯರ್‌ಫೋನು ನಿಜಕ್ಕೂ ಸಹಾಯ ಮಾಡುತ್ತದೆ. ಹೊರಗಿನ ಸದ್ದನ್ನು ಅದರ ಪುಟ್ಟ ಮೈಕು ಹಿಡಿದು, ಅದಕ್ಕೆ ಸರಿ ವಿರುದ್ಧವಾದ ಅಲೆ ಹುಟ್ಟಿಸಿ, ಎರಡನ್ನೂ ಒಂದಕ್ಕೊಂದು ಅಳಿಸುತ್ತದೆ. ಎಂಜಿನ್ನಿನಂಥ ಒಂದೇ ಸಮನೆಯ ತಗ್ಗು ಸದ್ದಿಗೆ ಇದು ಚೆನ್ನಾಗಿ ನಡೆಯುತ್ತದೆ. ಹಾರ್ನು, ಮಾತಿಗೆ ಅಷ್ಟಾಗಿ ಇಲ್ಲ. ನಮ್ಮ ವಿದ್ಯಾರ್ಥಿನಿ ಬಸ್ಸಿನಲ್ಲೂ 77ಕ್ಕೇ ನಿಲ್ಲಿಸಲು ಸಾಧ್ಯವಾದರೆ ಆ 8 ತಾಸಿನ ಪಾಲು 160ರಿಂದ 10 ಶೇಕಡಕ್ಕೆ ಇಳಿಯುತ್ತದೆ. ಬಸ್ಸಿನಿಂದ ಇಳಿದು ರಸ್ತೆ ದಾಟುವಾಗ, ರೈಲು ಹಳಿಯ ಹತ್ತಿರ ನಡೆಯುವಾಗ ಮಾತ್ರ ಅದನ್ನು ಕಿವಿಯಿಂದ ತೆಗೆದೇ ಬಿಡಬೇಕು.

ಒಂದೇ ಕಿವಿಗೆ ಹಾಕಿಕೊಂಡರೆ ಅರ್ಧ ಹಾನಿ ಎಂಬುದು ತಪ್ಪು. ಎರಡು ಕಿವಿಯಿಂದ ಕೇಳಿದಾಗ ಮಿದುಳು ಎರಡನ್ನೂ ಕೂಡಿಸಿ ದನಿಯನ್ನು ಜೋರಾಗಿ ಗ್ರಹಿಸುತ್ತದೆ. ಒಂದನ್ನು ತೆಗೆದಾಗ ನಾವು ಗೊತ್ತಿಲ್ಲದೆ ವಾಲ್ಯೂಮ್ ಏರಿಸುತ್ತೇವೆ, ಆ ಒಂದು ಕಿವಿಗೆ ಎಲ್ಲ ಹೊರೆ ಬೀಳುತ್ತದೆ. ಪಾಠವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದರೆ 48 ತಾಸು 32ಕ್ಕೆ ಇಳಿಯುತ್ತದೆ, ದನಿ ಏರಿಸದಿದ್ದರೆ ಕಿವಿಗೂ ಲಾಭ. ಎಲುಬಿನ ಮೂಲಕ ಸದ್ದು ದಾಟಿಸುವ ಹೊಸ ಮಾದರಿಯವು ಕೊಳವೆಯನ್ನು ಮುಚ್ಚುವುದಿಲ್ಲ, ಆದರೆ ಅವೂ ತಲುಪುವುದು ಅದೇ ಕಾಕ್ಲಿಯಾಕ್ಕೆ.

ನೋವು, ಕೆರೆತ, ಮುಚ್ಚಿದಂತೆ

ಹಾಕಿಕೊಂಡಾಗ ನೋವು, ತೆಗೆದ ಅರ್ಧ ತಾಸಿನಲ್ಲಿ ಮಾಯ ಅಂದರೆ ಅದು ಒತ್ತಡ. ತುದಿಯ ರಬ್ಬರು ದೊಡ್ಡದಾಗಿದೆ. ಡಬ್ಬಿಯಲ್ಲಿ ಕೊಟ್ಟ ಸಣ್ಣ, ಮಧ್ಯಮ, ದೊಡ್ಡ ಮೂರನ್ನೂ ಹಾಕಿ ನೋಡಬೇಕು. ಎಡಕ್ಕೊಂದು ಬಲಕ್ಕೊಂದು ಅಳತೆ ಬೇಕಾಗುವುದು ಸಾಮಾನ್ಯ. ತೀರ ಸಣ್ಣದಾದರೂ ತೊಂದರೆಯೇ. ಸಂದಿ ಉಳಿದರೆ ತಗ್ಗು ದನಿ ಸೋರಿಹೋಗುತ್ತದೆ, ಹೊರಗಿನ ಗದ್ದಲ ಒಳಬರುತ್ತದೆ, ಕೈ ತಾನಾಗಿ ವಾಲ್ಯೂಮ್ ಏರಿಸುತ್ತದೆ. ಹಾಕುವಾಗ ಎದುರು ಕೈಯಿಂದ ಕಿವಿಯನ್ನು ಮೇಲಕ್ಕೆ ಮತ್ತು ಹಿಂದಕ್ಕೆ ಮೆಲ್ಲಗೆ ಎಳೆದರೆ ಕೊಳವೆ ನೇರವಾಗುತ್ತದೆ. ಆಗ ತುದಿಯನ್ನು ಇಟ್ಟು ಸ್ವಲ್ಪ ತಿರುಗಿಸಿ ಕಿವಿ ಬಿಡಿ. ಒತ್ತಿ ತುರುಕಬಾರದು. ಸರಿ ಕೂತರೆ ನಿಮ್ಮ ದನಿ ನಿಮಗೇ ಗಡಿಗೆಯೊಳಗೆ ಮಾತಾಡಿದಂತೆ ಕೇಳುತ್ತದೆ. ಕೊಳವೆ ಮುಚ್ಚಿದ್ದರಿಂದ ಎಲುಬಿನ ಮೂಲಕ ಬಂದ ದನಿ ಹೊರಹೋಗದೆ ಉಳಿಯುವುದೇ ಕಾರಣ, ರೋಗವಲ್ಲ. ತಲೆಗೆ ಹಾಕುವ ದೊಡ್ಡ ಹೆಡ್‌ಫೋನ್ ಕನ್ನಡಕದ ಕಡ್ಡಿಯನ್ನು ಕಿವಿಯ ಹಿಂದೆ ಒತ್ತಿ ತಲೆನೋವು ತರುತ್ತದೆ. ಅದನ್ನು ಒಂದೆರಡು ರಾತ್ರಿ ಪುಸ್ತಕದ ಗಂಟಿಗೆ ಅಗಲಿಸಿ ಹಾಕಿಟ್ಟರೆ ಬಿಗಿ ಸಡಿಲವಾಗುತ್ತದೆ.

ಕೆರೆತ ಬೇರೆ ಜಾತಿಯದು. ಮುಚ್ಚಿದ ಕೊಳವೆಯಲ್ಲಿ ಶಾಖ, ಬೆವರು, ತೇವ ನಿಲ್ಲುತ್ತವೆ. ಚರ್ಮ ನೆನೆದು ಮೆತ್ತಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಇದು ಹೆಚ್ಚು. ತಲೆಸ್ನಾನ ಮಾಡಿ ಕಿವಿ ಒಣಗುವ ಮೊದಲೇ ಬಡ್ಸ್ ಹಾಕಿಕೊಳ್ಳುವುದು ಬೂಸ್ಟಿಗೆ (ಫಂಗಸ್) ಕರೆ ಕೊಟ್ಟಂತೆ. ಬೂಸ್ಟು ಸೋಂಕಿನಲ್ಲಿ ವಿಪರೀತ ಕೆರೆತ, ಕಿವಿ ತುಂಬಿದಂತೆ, ಕೆಲವೊಮ್ಮೆ ಒದ್ದೆ ಕಾಗದದಂಥ ಅಥವಾ ಕಪ್ಪು ಚುಕ್ಕಿಯ ಕಸರು. ಬ್ಯಾಕ್ಟೀರಿಯಾ ಸೋಂಕಿನಲ್ಲಿ ನೋವೇ ಮುಂದು. ಗುರುತು ಹಿಡಿಯುವುದು ಹೀಗೆ: ಕಿವಿಯ ತೂತಿನ ಮುಂದೆ ಬಾಗಿಲಂತೆ ಚಾಚಿದ ಮೆದು ಎಲುಬನ್ನು ಒತ್ತಿ. ಜೀವ ಹೋದಂತೆ ನೋವಾದರೆ ಕೊಳವೆಯ ಚರ್ಮ ಊದಿದೆ ಎಂದರ್ಥ. ಇಯರ್‌ಫೋನು ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಹನಿ ಬರೆದುಕೊಟ್ಟರೆ ಪಕ್ಕಕ್ಕೆ ಮಲಗಿ ಹಾಕಿಸಿಕೊಂಡು ಮೂರ್ನಾಲ್ಕು ನಿಮಿಷ ಹಾಗೇ ಇರಬೇಕು. ಚಿಕಿತ್ಸೆ ಮುಗಿಯುವ ತನಕ ಕಿವಿಗೆ ನೀರೂ ಇಲ್ಲ, ಬಡ್ಸೂ ಇಲ್ಲ.

(ಬ್ಯಾಡಗಿ ಕಡೆಯವರಿಗೆ ಒಂದು ಮಾತು. ಮೆಣಸಿನಕಾಯಿ ಮುಟ್ಟಿದ ಕೈಯಿಂದ ಬಡ್ಸ್ ತುದಿ ಹಿಡಿದು ಕಿವಿಗೆ ಹಾಕಿದರೆ ಆಗುವ ಉರಿ ಸೋಂಕಲ್ಲ. ಖಾರ ಎಣ್ಣೆಯಲ್ಲಿ ಕರಗುವಂಥದ್ದು, ಬರೀ ನೀರಿಗೆ ಹೋಗುವುದಿಲ್ಲ. ಕೈಯನ್ನೂ ತುದಿಯನ್ನೂ ಸಾಬೂನು ಹಚ್ಚಿಯೇ ತೊಳೆಯಬೇಕು.)

ಮುಚ್ಚಿದಂತೆ ಆಗುವುದಕ್ಕೆ ಬಹಳ ಸಲ ಗುಗ್ಗೆಯೇ ಕಾರಣ. ಗುಗ್ಗೆ ಕೊಳೆಯಲ್ಲ, ಚರ್ಮವನ್ನು ಕಾಯುವ ಲೇಪ. ಕೊಳವೆಯ ಚರ್ಮ ಒಳಗಿನಿಂದ ಹೊರಕ್ಕೆ ನಿಧಾನ ಸರಿಯುತ್ತಿರುತ್ತದೆ, ಹಳೆ ಗುಗ್ಗೆಯನ್ನು ಅದೇ ಹೊತ್ತು ತಂದು ಹೊರಹಾಕುತ್ತದೆ. ದಿನಕ್ಕೆ ಎಂಟು ತಾಸು ಬಾಗಿಲಿಗೆ ರಬ್ಬರ್ ಬಿರಡೆ ಇಟ್ಟರೆ ಆ ಸಾಗಣೆ ನಿಲ್ಲುತ್ತದೆ. ಮೇಲೆ ಹತ್ತಿಯ ಬಡ್ಸ್, ಬೆಂಕಿಕಡ್ಡಿ, ಪಿನ್ನು, ಬೈಕಿನ ಕೀಲಿ ಬಂದರೆ ಉಳಿದದ್ದು ಇನ್ನಷ್ಟು ಒಳಕ್ಕೆ ತಳ್ಳಿ ಗಟ್ಟಿಯಾಗುತ್ತದೆ. ಸ್ನಾನದ ನೀರು ತಾಗಿ ಅದು ಉಬ್ಬಿದಾಗ "ಏಕದಂ ಕಿವಿ ಬಂದ್ ಆತು" ಅನ್ನಿಸುತ್ತದೆ.

ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಡುವ ರೂಢಿ ನಮ್ಮಲ್ಲಿ ಬಲವಾಗಿದೆ. ತಮಟೆಯಲ್ಲಿ ತೂತಿದ್ದರೆ ಆ ಎಣ್ಣೆ ನಡುಗಿವಿಗೆ ಇಳಿಯುತ್ತದೆ. ತೂತಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಬೂಸ್ಟಿದ್ದರೆ ಎಣ್ಣೆಯ ತೇವ ಅದಕ್ಕೆ ಅನುಕೂಲ. ವೈದ್ಯರು ಕೆಲವು ದಿನ ಮೆತ್ತಗೆ ಮಾಡುವ ಹನಿ ಕೊಟ್ಟು, ಆಮೇಲೆ ನೀರಿನಿಂದ ತೊಳೆದೋ ಹೀರಿಯೋ ತೆಗೆಯುತ್ತಾರೆ. ಹತ್ತೇ ನಿಮಿಷದ ಕೆಲಸ.

ಕಿವಿಯಲ್ಲಿ ಏನೂ ಕಾಣದೆ ಕಿವಿ ನೋವು ಬರುವುದೂ ಉಂಟು. ದವಡೆಯ ಕೀಲು, ಬುದ್ಧಿಹಲ್ಲು, ಟಾನ್ಸಿಲ್ ಇವುಗಳ ನೋವೂ ಕಿವಿಯಲ್ಲೇ ತೋರುತ್ತದೆ.

ತುದಿ ತೊಳೆಯುವುದು

ವಾರಕ್ಕೊಮ್ಮೆ ಸಾಕು, ಬೇಸಿಗೆಯಲ್ಲಿ ಎರಡು ಸಲ. ಸಿಲಿಕಾನ್ ತುದಿಯನ್ನು ಬಿಚ್ಚಿ ಉಗುರುಬೆಚ್ಚಗಿನ ನೀರು, ಸಾಬೂನಿನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿ. ಜಾಲರಿಗೆ ನೀರು, ಸ್ಪಿರಿಟ್ ಬೇಡ. ಅದನ್ನು ಕೆಳಮುಖ ಮಾಡಿ ಒಣಗಿದ ಮೆತ್ತನೆ ಹಲ್ಲುಜ್ಜುವ ಬ್ರಷ್‌ನಿಂದ ಕೊಡವಿದರೆ ಕಸ ಕೆಳಗೆ ಬೀಳುತ್ತದೆ, ಮೇಲ್ಮುಖ ಮಾಡಿ ಉಜ್ಜಿದರೆ ಒಳಗೇ ಸೇರುತ್ತದೆ. ಜಾಲರಿ ಕಟ್ಟಿದ ಕಡೆ ದನಿ ಕಡಿಮೆಯಾಗುತ್ತದೆ. "ಒಂದ ಕಿವಿ ಮಂದ ಆಗೇದ" ಎಂದು ಹೆದರಿದವರು ಮೊದಲು ಎಡದ ಬಡ್ಸಿನ ತುದಿಯನ್ನೂ ಬಲದ್ದನ್ನೂ ನೋಡಿಕೊಳ್ಳಲಿ. ಕಸ ಕಟ್ಟಿದ್ದು ಇಯರ್‌ಫೋನಿಗೋ ಕಿವಿಗೋ ಅಲ್ಲೇ ಗೊತ್ತಾಗುತ್ತದೆ. ರೂಮ್‌ಮೇಟ್ ಜೊತೆ ಹಂಚಿಕೊಳ್ಳುವುದು ಬೇಡ.

ತಡ ಮಾಡಬಾರದ ಸಂದರ್ಭ

ಒಂದು ಕಿವಿ ಹಠಾತ್ತಾಗಿ, ಕೆಲವು ತಾಸು ಅಥವಾ ಒಂದೆರಡು ದಿನದಲ್ಲಿ ಕೇಳದಂತಾದರೆ ಅದು ತುರ್ತು. ಹಿನ್ನೆಲೆ ಗಾಯಕಿ ಅಲ್ಕಾ ಯಾಗ್ನಿಕ್ ವಿಮಾನದಿಂದ ಇಳಿದ ಹೊತ್ತಿಗೆ ಏನೂ ಕೇಳದಂತಾಯಿತೆಂದು 2024ರ ಜೂನ್‌ನಲ್ಲಿ ತಾವೇ ತಿಳಿಸಿದ್ದು ಇಂಥ ನರಸಂಬಂಧಿ ಕಿವುಡು. ವೈದ್ಯರು ವೈರಸ್ ಕಾರಣ ಎಂದಿದ್ದಾರೆ ಎಂದೂ, ಜೋರು ಸಂಗೀತ ಮತ್ತು ಹೆಡ್‌ಫೋನಿನ ಬಗ್ಗೆ ಎಚ್ಚರವಿರಲಿ ಎಂದೂ ಬರೆದಿದ್ದರು. ಆಗ ಎರಡೂ ಸೇರಿ ಹೆಡ್‌ಫೋನೇ ಕಾರಣ ಎಂಬಂತೆ ಹರಡಿತು. ಹಠಾತ್ ಕಿವುಡಿಗೆ ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲಿ ಶುರುವಾದರೆ ಫಲ ಹೆಚ್ಚು, ಎರಡು ವಾರ ಕಳೆದರೆ ಕಡಿಮೆ. ಗುಗ್ಗೆ ಇರಬೇಕೆಂದು ಎಣ್ಣೆ ಬಿಟ್ಟು ವಾರ ಕಾಯುವುದು ಇಲ್ಲಿ ದುಬಾರಿ.

ಗುಗ್ಗೆಯೋ ನರವೋ ಎಂಬ ಅಂದಾಜಿಗೆ ಬಾಯಿ ಮುಚ್ಚಿ "ಮ್ಮ್ಮ್" ಎಂದು ಗುನುಗಿ. ಗುನುಗು ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ದಾರಿಯಲ್ಲಿ ಅಡ್ಡಿ ಇರುವ ಸಾಧ್ಯತೆ ಹೆಚ್ಚು. ಒಳ್ಳೆಯ ಕಿವಿಯಲ್ಲಿ ಜೋರಾಗಿ ಕೇಳಿದರೆ ಅಂದೇ ವೈದ್ಯರನ್ನು ಕಾಣಿ. ಇದು ಅಂದಾಜಷ್ಟೇ, ಪರೀಕ್ಷೆಯ ಬದಲಿಯಲ್ಲ. ಕಿವಿಯಿಂದ ಕೀವು ಅಥವಾ ರಕ್ತ, ತಲೆಸುತ್ತು, ಒಂದೇ ಕಡೆಯ ಗುಂಯ್‌ಗಾಟ, ಮುಖ ಓರೆಯಾಗುವುದು, ಸಕ್ಕರೆ ಕಾಯಿಲೆಯವರಿಗೆ ರಾತ್ರಿ ನಿದ್ದೆ ಕೆಡಿಸುವ ಕಿವಿ ನೋವು, ಇವಕ್ಕೂ ಕಾಯುವ ಹಾಗಿಲ್ಲ. ಹುಬ್ಬಳ್ಳಿಯ ಕೆಎಂಸಿಆರ್‌ಐನಲ್ಲಿ (ಹಿಂದಿನ ಕಿಮ್ಸ್), ಗದಗ ಮತ್ತು ಹಾವೇರಿಯ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಗಳಲ್ಲಿ ಕಿವಿ, ಮೂಗು, ಗಂಟಲಿನ ವಿಭಾಗ ಇದೆ. ಹೆಚ್ಚಿನ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ತುರ್ತಿಲ್ಲದಿದ್ದರೂ, ದಿನಕ್ಕೆ ಐದಾರು ತಾಸು ಇಯರ್‌ಫೋನ್ ಹಾಕುವವರು ಒಮ್ಮೆ ಆಡಿಯೋಗ್ರಾಮ್ ಮಾಡಿಸಿಟ್ಟುಕೊಳ್ಳಬಹುದು. ಸದ್ದು ಒಳಬರದ ಕೋಣೆಯಲ್ಲಿ ಕೂರಿಸಿ, ತಗ್ಗಿನಿಂದ ಚುರುಕಿನವರೆಗೆ ಬೇರೆ ಬೇರೆ ದನಿ ಕೇಳಿಸಿ, ಕೇಳಿದಾಗ ಗುಂಡಿ ಒತ್ತಿಸುತ್ತಾರೆ. ಹಾಳೆಯಲ್ಲಿ ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಚಿಹ್ನೆ. ಗೆರೆ ಎಲ್ಲ ಕಡೆ 20 ಡೆಸಿಬಲ್‌ನೊಳಗೆ ಇದ್ದರೆ ಸರಿ, ಈ ಹಾಳೆಯಲ್ಲಿ ಕೆಳಗಿಳಿದಷ್ಟೂ ಅಂಕಿ ದೊಡ್ಡದು, ಕೇಳುವುದು ಕಡಿಮೆ. 4,000ದ ಹತ್ತಿರ ಮಾತ್ರ ಕೆಳಕ್ಕೆ ಕುಸಿದು, 8,000ಕ್ಕೆ ಮತ್ತೆ ಮೇಲೇರಿದ್ದರೆ ಆ ಕುಸಿತ ಜೋರು ಸದ್ದಿನಿಂದಾದ ಹಾನಿಯ ಗುರುತು. ಹಾಳೆಯನ್ನು ಎಸೆಯಬೇಡಿ, ಎರಡು ವರ್ಷದ ನಂತರ ಮಾಡಿಸಿದ್ದನ್ನು ಪಕ್ಕದಲ್ಲಿಟ್ಟು ನೋಡಲು ಬೇಕಾಗುತ್ತದೆ.